ಅಟ್ಟದಿಂದ ಇಳಿದ ಗೆಡ್ಡೆ

ಮಿರ್ಗದ ಮಳೆ ಹಿಡಿದು ಮೂರು ದಿನವಾಯಿತೆಂದರೆ ನಮ್ಮ ಮನೆಯಲ್ಲಿ ಅಟ್ಟಕ್ಕೆ ಏಣಿ ಬೀಳುತ್ತದೆ. ಮೊದಲೆರಡು ದಿನದ ಮಳೆ ನೆಲದ ಬಿಸಿ ಆರಿಸುವುದಕ್ಕೇ ಸರಿಹೋಯಿತು, ಗಿಡದ ಪಾಲು ಏನಿದ್ದರೂ ಮೂರನೆಯ ದಿನದಿಂದ ಎಂಬುದು ಅತ್ತೆಯ ಲೆಕ್ಕ. ಅತ್ತೆ ಹೋಗಿ ಆರು ವರ್ಷವಾಯಿತು, ಲೆಕ್ಕ ಮಾತ್ರ ಹಾಗೇ ಉಳಿದಿದೆ. ಏಣಿಯ ತುದಿಯಲ್ಲಿ ತಲೆ ತಗ್ಗಿಸಿ ಕೂತು, ಹೊಗೆ ಕುಡಿದು ಕಪ್ಪಾದ ಬುಟ್ಟಿಯೊಂದನ್ನು ಕತ್ತಲೆಯಿಂದ ಎಳೆಯುತ್ತೇನೆ. ಬುಟ್ಟಿಯೊಳಗೆ ಒಲೆಬೂದಿ, ಬೂದಿಯೊಳಗೆ ಡೇರೆ ಗೆಡ್ಡೆ.

ಡೇರೆ ಎಂದರೆ ಡೇಲಿಯಾ. ಸಾಗರ, ಸೊರಬ, ಸಿದ್ದಾಪುರದ ಕಡೆ ಹಳ್ಳಿಗಳಲ್ಲಿ ಯಾರಾದರೂ ಡೇಲಿಯಾ ಎಂದರೆ ಅವರು ಪೇಟೆಯಿಂದ ಬಂದವರೆಂದು ಗೊತ್ತಾಗಿಬಿಡುತ್ತದೆ. ಬೂದಿ ಕೊಡವಿದ ಗೆಡ್ಡೆ ನೋಡಿದರೆ ಇದರಿಂದ ಹೂ ಬರುತ್ತದೆಂದು ನಂಬುವುದು ಕಷ್ಟ. ಮುದುಕಿಯೊಬ್ಬಳ ಸುಕ್ಕು ಬೆರಳುಗಳನ್ನು ಒಂದು ಒಣಕಡ್ಡಿಗೆ ಜೋಡಿಸಿಟ್ಟ ಹಾಗೆ ಕಾಣುತ್ತದೆ. ಆಲೂಗಡ್ಡೆಗಾದರೆ ಮೈಯೆಲ್ಲ ಕಣ್ಣು. ಡೇರೆಯ ಕಣ್ಣು ಇರುವುದು ಒಂದೇ ಜಾಗದಲ್ಲಿ, ಗೆಡ್ಡೆಯ ಕುತ್ತಿಗೆ ಹಳೆಯ ಕಾಂಡಕ್ಕೆ ಅಂಟಿಕೊಳ್ಳುವಲ್ಲಿ. ಸಾಸಿವೆ ಕಾಳಿನಷ್ಟು ಉಬ್ಬು, ಅದರ ತುದಿಗೆ ಕೆನ್ನೇರಳೆಯ ಒಂದು ಚುಕ್ಕೆ. ಅದನ್ನು ಕಾಣಲು ಗೆಡ್ಡೆಯನ್ನು ಬೆಳಕಿಗೆ ಹಿಡಿದು ನಿಧಾನಕ್ಕೆ ತಿರುಗಿಸಬೇಕು. ಜಗಲಿಯ ತುದಿಯಲ್ಲಿ ಕೂತು, ಮುಂದೆ ಸೂರಂಚಿನ ನೀರು ಧಾರೆಧಾರೆ ಬೀಳುತ್ತಿರುವಾಗ, ಒಂದೊಂದೇ ಗೆಡ್ಡೆ ತಿರುಗಿಸುತ್ತ ಕಣ್ಣು ಹುಡುಕುವ ಆ ಒಂದು ಗಂಟೆಯನ್ನು ನಾನು ಯಾವ ಹಬ್ಬಕ್ಕೂ ಬಿಟ್ಟುಕೊಡುವುದಿಲ್ಲ.

ಈ ಗೆಡ್ಡೆಯ ತವರು ಮೆಕ್ಸಿಕೊ. 1789ರಲ್ಲಿ ಅಲ್ಲಿಂದ ಮ್ಯಾಡ್ರಿಡ್ಡಿನ ರಾಜೋದ್ಯಾನಕ್ಕೆ ಹೋಯಿತು. 1791ರಲ್ಲಿ ಕವನೀಯೆಸ್ ಎಂಬ ಪಾದ್ರಿ, ಸಸ್ಯಶಾಸ್ತ್ರ ಬಲ್ಲವನು, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ನೆನಪಿಗೆ ಅದಕ್ಕೆ ಡಾಲಿಯಾ ಎಂದು ಹೆಸರಿಟ್ಟ. ಯುರೋಪಿನವರು ಮೊದಲು ಇದನ್ನು ಹೊಸ ಆಲೂಗಡ್ಡೆ ಎಂದೇ ನೋಡಿದರಂತೆ. ಬೇಯಿಸಿ ತಿಂದರು, ರುಚಿ ಹಿಡಿಸಲಿಲ್ಲ, ಹೂವಿಗೆ ಬಿಟ್ಟರು. ಕೆಸುವಿನ ಗೆಡ್ಡೆ, ಸುವರ್ಣಗೆಡ್ಡೆ, ಬಾಳೆದಿಂಡು, ಎಳೆ ಬಿದಿರು ಎಲ್ಲವನ್ನೂ ಹುಳಿ ಹಾಕಿ ಬೇಯಿಸಿ ಉಂಡ ನಮ್ಮ ಮಲೆನಾಡಿನಲ್ಲಿ ಈ ಒಂದು ಗೆಡ್ಡೆ ಮಾತ್ರ ಹೇಗೆ ಒಲೆ ತಪ್ಪಿಸಿಕೊಂಡಿತೋ! ಚೆಂಡುಹೂವಿನ ಊರೂ ಅದೇ, ಮೆಣಸಿನಕಾಯಿಯ ಊರೂ ಅದೇ. ದೇವರ ಮುಂದೆ ಒಂದು, ಒಗ್ಗರಣೆಗೆ ಒಂದು, ಅಂಗಳಕ್ಕೆ ಒಂದು ಎಂದು ನಮ್ಮ ಹಬ್ಬದ ಅರ್ಧ ಬಣ್ಣ ಸಮುದ್ರ ದಾಟಿ ಬಂದದ್ದು. ಬಂದವರು ಈಗ ಮನೆಯವರೇ ಆಗಿದ್ದಾರೆ.

ಡೇರೆಯನ್ನು ದುಡ್ಡು ಕೊಟ್ಟು ತರಬಾರದು. ನರ್ಸರಿಯಲ್ಲಿ ಸಿಗುತ್ತದೆ, ತರುವವರು ತರುತ್ತಾರೆ, ಆದರೆ ಅದಕ್ಕೆ ಹೆಸರಿರುವುದಿಲ್ಲ. ನಮ್ಮ ಹೆಂಗಸರ ಡೇರೆಗೆ ಹೆಸರು ಬರುವುದೇ ಕೊಟ್ಟವರಿಂದ. ನಮ್ಮಲ್ಲಿ ‘ಬಸ್ಸಿನ ಕೆಂಪು’ ಎಂದೊಂದಿದೆ. ಯಾವುದೋ ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡ ಹೂವಿಗೆ ಅತ್ತೆ ಮರುಳಾಗಿ, ವಾಪಸು ಬರುವಾಗ ಅಲ್ಲಿಯೇ ಇಳಿದು, ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟಿ ಕೇಳಿ ತಂದದ್ದು. ಕಾಫಿಯನ್ನೂ ಕುಡಿದು ಬಂದಿದ್ದರಂತೆ. ‘ಬಾಣಂತಿ ಬಿಳಿ’ ಎಂದೊಂದಿದೆ, ಮಗು ನೋಡಲು ಹೋದಾಗ ಸಿಕ್ಕಿದ್ದು. ‘ಬ್ಯಾಂಕಿನವರ ಹಳದಿ’ ಕೊಟ್ಟ ಬ್ಯಾಂಕಿನವರ ಹೆಂಡತಿ ಈ ಊರು ಬಿಟ್ಟು ಇಪ್ಪತ್ತು ವರ್ಷ ದಾಟಿರಬೇಕು. ಅವರ ಮುಖ ನನಗೆ ನೆನಪಿಲ್ಲ. ಹಳದಿ ಮಾತ್ರ ಪ್ರತಿ ಗೌರಿ ಹಬ್ಬಕ್ಕೆ ಊಟದ ತಟ್ಟೆಯಷ್ಟಗಲ ಅರಳಿ ಅವರ ಹೆಸರು ಹೇಳುತ್ತದೆ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಹಿಡಿಯುತ್ತದೆ ಎಂಬ ಮಾತೂ ಇದೆ. ಅದರ ಬಗ್ಗೆ ನಾನು ಇಲ್ಲಿ ಹೆಚ್ಚು ಬರೆಯುವುದು ಕ್ಷೇಮವಲ್ಲ.

ನಮ್ಮ ಮಳೆಗೂ ಈ ಗಿಡಕ್ಕೂ ಹೊಂದಿಕೆ ಕಡಿಮೆ. ಬುಡದಲ್ಲಿ ನೀರು ನಿಂತರೆ ಎರಡೇ ದಿನಕ್ಕೆ ಗೆಡ್ಡೆ ಗಂಜಿಯಾಗುತ್ತದೆ. ಆದ್ದರಿಂದ ಮೊಳಕಾಲೆತ್ತರ ಏರಿ ಮಾಡಬೇಕು, ಏರಿಗೆ ಹಳೆ ಗೊಬ್ಬರ, ಮೇಲೆ ದರಕು. ಗಿಡ ತೊಡೆಯೆತ್ತರ ಬಂದಾಗ ಅಡಿಕೆ ದಬ್ಬೆ ಊರಿ, ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಮೊಗ್ಗು ಮೂರು ಮೂರಾಗಿ ಬರುತ್ತವೆ. ನಡುವಿನದನ್ನು ಉಳಿಸಿ ಎರಡು ಬದಿಯವನ್ನು ಉಗುರಿನಲ್ಲಿ ಚಿವುಟಿದರೆ ಹೂ ದೊಡ್ಡದಾಗುತ್ತದೆ. ಈ ಚಿವುಟುವ ಕೆಲಸ ನನಗೆ ಇಂದಿಗೂ ಒಗ್ಗಿಲ್ಲ. ಅತ್ತೆಗೆ ಅಂಥ ಸಂಕಟವಿರಲಿಲ್ಲ. ಸೊಪ್ಪು ಬಿಡಿಸಿದ ಹಾಗೆ ಬಿಡಿಸಿ ಸೆರಗಿಗೆ ಹಾಕಿಕೊಂಡು ಬರುತ್ತಿದ್ದರು.

ಹೂವನ್ನು ನೋಡಬೇಕಾದದ್ದು ಬೆಳಿಗ್ಗೆ, ರಾತ್ರಿ ಮಳೆ ಬಿದ್ದು ನಿಂತಿರುವಾಗ. ಎಸಳು ಸುತ್ತಿನ ಮೇಲೆ ಸುತ್ತು, ಜೇನುಗೂಡಿನ ಲೆಕ್ಕದಲ್ಲಿ ಕೂತಿರುತ್ತವೆ. ಪ್ರತಿ ಎಸಳೂ ಬುಡದಲ್ಲಿ ದೊನ್ನೆಯಂತೆ ಮಡಿಸಿಕೊಂಡಿರುವುದರಿಂದ ಪ್ರತಿಯೊಂದರಲ್ಲೂ ಒಂದು ಹನಿ ನಿಂತಿರುತ್ತದೆ. ನೂರು ದೊನ್ನೆ, ನೂರು ಹನಿ. ಆ ಭಾರಕ್ಕೆ ಹೂ ನೆಲ ನೋಡುತ್ತದೆ. ದಂಟಿನ ಕೆಳಗೆ ಬೆರಳಿನಿಂದ ಒಂದು ಸಲ ಮೀಟಿದರೆ ಅಷ್ಟೂ ಹನಿ ಒಟ್ಟಿಗೆ ಉದುರಿ, ಹೂ ಒಂದು ಗೇಣು ಮೇಲೆ ನೆಗೆಯುತ್ತದೆ. ಹಾಗೆ ನೆಗೆದು ನಮ್ಮ ಮುಖ ನೋಡುವ ಒಂದು ಕ್ಷಣಕ್ಕಾಗಿ ನಾಲ್ಕು ತಿಂಗಳ ಕೆಸರು, ಉಂಬಳ, ಬಸವನಹುಳ ಎಲ್ಲವನ್ನೂ ಸಹಿಸಬಹುದು. ಅಂಗಳಕ್ಕೆ ಬಂದ ನೆಂಟರು ಮೊದಲು ಡೇರೆ ನೋಡುತ್ತಾರೆ, ಆಮೇಲೆ ಕಾಲು ತೊಳೆಯುತ್ತಾರೆ.

ಅಂಗಳದಿಂದ ಹಿತ್ತಿಲಿಗೆ ಹೋದರೆ ಅಲ್ಲಿ ಬೇರೆ ರಾಜ್ಯ. ಹಿತ್ತಿಲಿನ ಬೀಜವೆಲ್ಲ ಬೇಸಿಗೆ ಕಳೆದದ್ದು ಗೋಡೆಯ ಮೇಲೆ. ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಸಗಣಿಗೆ ಒತ್ತಿ, ಅಡುಗೆಮನೆಯ ಹೊರಗೋಡೆಗೆ ರೊಟ್ಟಿ ಬಡಿದಂತೆ ಬಡಿದಿಡುವ ರೂಢಿ ಇನ್ನೂ ಇದೆ. ಇಲಿ ಮುಟ್ಟುವುದಿಲ್ಲ, ಹುಳ ಹಿಡಿಯುವುದಿಲ್ಲ. ಮಳೆ ಬಂದಾಗ ಚಕ್ಕೆ ಎಬ್ಬಿಸಿ ಪುಡಿ ಮಾಡಿ ನೆಟ್ಟರಾಯಿತು. ಸೌತೆ, ದಾರಹೀರೆ, ಹಾಗಲ, ಮಗೆಕಾಯಿ ಎಲ್ಲ ಒಂದೇ ಚಪ್ಪರಕ್ಕೆ ಜಗಳಾಡುತ್ತ ಹತ್ತುತ್ತವೆ. ಕೇಳದೆ ಬರುವವು ಬೇರೆ: ಬಚ್ಚಲ ನೀರು ಹರಿವಲ್ಲಿ ಒಂದೆಲಗ, ತೋಟದ ಕಾಲುವೆಗುಂಟ ಕೆಸು, ಹಲಸಿನ ಮರದ ಕವಲಿನಲ್ಲಿ ಪಾಚಿಯ ನಡುವೆ ಮರಗೆಸು. ಮಳೆಗಾಲದ ಅಡುಗೆ ಎಂದರೆ ಇವರನ್ನು ಮಾತಾಡಿಸಿಕೊಂಡು ಬರುವುದು. ಕೊಡೆ ಹಿಡಿದು ಒಂದು ಸುತ್ತು ಬಂದರೆ ಮಧ್ಯಾಹ್ನದ ಎಲೆಗೆ ಏನೆಂಬುದು ತೀರ್ಮಾನವಾಗಿರುತ್ತದೆ.

ನನ್ನ ಪಾಲಿಗೆ ಮಳೆಗಾಲದ ಅಡುಗೆಯ ರಾಜ ಕೆಸುವಿನ ಕರಕಲಿ. ಪತ್ರೊಡೆಗೆ ಹೆಸರು ಹೆಚ್ಚು, ಮಾಡುವ ಸಡಗರವೂ ಹೆಚ್ಚು. ಎಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸಿ, ಬಿಲ್ಲೆ ಕೊಯ್ದು ಮತ್ತೆ ಹುರಿದು ಬಡಿಸುವ ಹೊತ್ತಿಗೆ ಕೆಸುವಿನ ಗುಣಕ್ಕಿಂತ ಅಕ್ಕಿಯ ಗುಣ ಮುಂದೆ ಬಂದಿರುತ್ತದೆ. ಕರಕಲಿಯಲ್ಲಿ ಅಡ್ಡ ಬರುವವರು ಯಾರೂ ಇಲ್ಲ. ಎಳೆ ಕೆಸುವಿನ ಎಲೆ, ಹುಳಿ, ಉಪ್ಪು, ಸೂಜಿಮೆಣಸು, ಬೆಳ್ಳುಳ್ಳಿ. ಮುಗಿಯಿತು.

ಮುಗಿಯಿತು ಎಂದೆನಲ್ಲ, ಅಲ್ಲೇ ಇರುವುದು ಕಷ್ಟ. ಕೆಸುವಿನ ಎಲೆಯೊಳಗೆ ಆಕ್ಸಲೇಟಿನ ಹರಳುಗಳು ಸೂಜಿಯ ಕಟ್ಟುಗಳಂತೆ ಇರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ನಾಲಿಗೆಗೆ, ಗಂಟಲಿಗೆ ಚುಚ್ಚಿ ಕೆರೆತ ತರುವವರು ಅವರೇ. ಹುಳಿ ಮತ್ತು ಹೊತ್ತು, ಇವೆರಡರಿಂದಲೇ ಅವರನ್ನು ಒಲಿಸಿಕೊಳ್ಳಬೇಕು. ಎಲೆಯ ನಾರು ತೆಗೆದು ಸಣ್ಣಗೆ ಹೆಚ್ಚಿ, ಕುದಿಯುವ ನೀರಿಗೆ ಹಾಕಿದರೆ ಬುಟ್ಟಿಗಟ್ಟಲೆ ಸೊಪ್ಪು ಐದು ನಿಮಿಷಕ್ಕೆ ಹಿಡಿಯಷ್ಟಾಗುತ್ತದೆ. ಆಗ ಹುಳಿ. ಒಣಗಿಸಿಟ್ಟ ವಾಟೆಹುಳಿ ಇದ್ದರೆ ಅದರ ಮುಂದೆ ನಿಂಬೆಯನ್ನು ನಾನು ಲೆಕ್ಕಕ್ಕಿಡುವುದಿಲ್ಲ. ಆಮೇಲೆ ಕೆಲಸವೆಲ್ಲ ಬೆಂಕಿಯದು. ಕುದಿದು ಕುದಿದು ಹಸಿರು ಹೋಗಿ ಕಡುಹಸಿರಾಗಿ, ಕಡುಹಸಿರು ಹೋಗಿ ಕೊಳದ ಬುಡದ ಬಣ್ಣಕ್ಕೆ ಬಂದು, ಸೌಟಿನಿಂದ ಎತ್ತಿದರೆ ಧಾರೆಯಾಗದೆ ದಪ್ಪಗೆ ಜಾರಬೇಕು. ನೋಡುವುದಕ್ಕೆ ಚೆಂದವಿಲ್ಲ. ಫೋಟೊ ತೆಗೆದರಂತೂ ಯಾರೂ ಬಾಯಿಗೆ ಇಡಲಾರರು. ಕೊನೆಗೆ ತುಪ್ಪದಲ್ಲಿ ಹತ್ತು ಹದಿನೈದು ಎಸಳು ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗಿಸಿ ಸುರಿದು ಮುಚ್ಚಿಬಿಡಬೇಕು. ಬಿಸಿ ಅನ್ನದ ನಡುವೆ ಗುಳಿ ಮಾಡಿ ಅದರಲ್ಲಿ ಎರಡು ಚಮಚ ಕರಕಲಿ ಹಾಕಿಕೊಂಡು, ಹೊರಗೆ ಆಶ್ಲೇಷಾ ಮಳೆ ಹೆಂಚಿನ ಮೇಲೆ ಕುಟ್ಟುತ್ತಿರುವಾಗ ಉಣ್ಣಬೇಕು. ಮೊದಲು ಹುಳಿ, ಆಮೇಲೆ ಖಾರ, ಅದರ ಹಿಂದಿನಿಂದ ಹಸಿಮಣ್ಣಿನಂಥ ಒಂದು ಗಾಢ ರುಚಿ. ಬೆವರು ಬರುತ್ತದೆ. ಶೀತ ಓಡಿಹೋಗುತ್ತದೆ.

ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ನಾನು ಬಯಲುಸೀಮೆಯ ತವರಿನವರಿಗೆ ಕರಕಲಿ ಬಡಿಸಲು ಹೋಗಿ ಅರ್ಧ ಗಂಟೆ ಮೊದಲೇ ಒಲೆಯಿಂದ ಇಳಿಸಿಬಿಟ್ಟಿದ್ದೆ. ಅಣ್ಣ ಮೂರನೆಯ ತುತ್ತಿಗೆ ನೀರು ಕೇಳಿದ. ನಾಲ್ಕನೆಯ ತುತ್ತು ಉಣ್ಣಲಿಲ್ಲ. ಅತ್ತೆ ಒಳಗಿನಿಂದ ಮೊಸರು ತಂದು ಎಲ್ಲರ ಎಲೆಗೂ ಸುರಿದು, ಬೆಲ್ಲದ ಚೂರು ಕೈಗಿಟ್ಟು, ನನ್ನ ಕಡೆ ತಿರುಗಿ, ‘ಕೆಸುವಿಗೆ ನೀನು ಕಾಯ್ಬೇಕು ಮಾರಾಯ್ತಿ, ಅದು ನಿನಗೆ ಕಾಯಲ್ಲ’ ಎಂದರು. ಅಷ್ಟೇ. ಆಮೇಲೆ ಯಾವತ್ತೂ ಅದರ ಮಾತೆತ್ತಲಿಲ್ಲ. ಅಣ್ಣ ಮಾತ್ರ ಇವತ್ತಿಗೂ ನಮ್ಮ ಮನೆಯಲ್ಲಿ ಹಸಿರು ಬಣ್ಣದ ಏನೇ ಬಡಿಸಿದರೂ ಮೊದಲು ನನ್ನ ಮಗನಿಗೆ ತಿನ್ನಿಸಿ ನೋಡುತ್ತಾನೆ.

ಕರಕಲಿಯನ್ನು ಫ್ರಿಜ್ಜಿನಲ್ಲಿಟ್ಟು ವಾರಗಟ್ಟಲೆ ತಿನ್ನುವವರಿದ್ದಾರೆ. ಮಾರನೆಯ ದಿನಕ್ಕೆ ರುಚಿ ಇನ್ನೂ ಕೂಡಿಬರುತ್ತದೆ, ಅದು ನಿಜ. ಅದರ ಮೇಲೆ ಇಟ್ಟುಕೊಳ್ಳುವುದು ಆಸೆಬುರುಕತನ. ಎಲೆ ಹೊರಗೆ ಇನ್ನೂ ಚಿಗುರುತ್ತಿರುವಾಗ ಒಳಗೆ ಅದನ್ನು ಚಳಿಯಲ್ಲಿ ಕೂಡಿಹಾಕುವುದೇಕೆ?

ಮಳೆ ಸಡಿಲವಾಗುವುದು ಹಸ್ತ, ಚಿತ್ತದ ಹೊತ್ತಿಗೆ. ಗದ್ದೆಯಲ್ಲಿ ಭತ್ತ ಹೊಟ್ಟೆ ತುಂಬಿಕೊಂಡು ನಿಂತಿರುತ್ತದೆ. ಆಗ ಬರುವುದು ಭೂಮಿ ಹುಣ್ಣಿಮೆ, ಆಶ್ವೀಜದ ಹುಣ್ಣಿಮೆ. ಬಯಲುಸೀಮೆಯಲ್ಲಿ ನಾವು ಸೀಗೆ ಹುಣ್ಣಿಮೆ ಎನ್ನುತ್ತಿದ್ದುದು ಇದನ್ನೇ. ಬಸುರಿ ಭೂಮಿಗೆ ಬಯಕೆ ಊಟ ಹಾಕುವ ಹಬ್ಬ. ಇದನ್ನು ನಾನು ಸರಿಯಾಗಿ ನೋಡಿದ್ದು ನಮ್ಮ ಗದ್ದೆಯ ಆಚೆ ಬದಿಯ, ದೀವರ ಸಮುದಾಯದ ಮನೆಯಲ್ಲಿ. ಈ ಬರಹದಲ್ಲಿ ಹೂವು, ಅಡುಗೆ ಎಂದು ಬೇರೆ ಬೇರೆಯಾಗಿ ಹೇಳುತ್ತ ಬಂದೆ. ಆ ಮನೆಯ ಜಗಲಿಯಲ್ಲಿ ಹಾಗೆ ಬೇರೆ ಮಾಡಲು ಬರುವುದಿಲ್ಲ.

ದೀವರ ಹೆಂಗಸರ ಚಿತ್ತಾರದ ಬಗ್ಗೆ ಈಗ ಪುಸ್ತಕಗಳಿವೆ, ಪ್ರದರ್ಶನಗಳಿವೆ. ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೇ ಹೆಚ್ಚು ಹೆಸರಾದದ್ದು. ನನಗೆ ಹೆಚ್ಚು ಇಷ್ಟವಾಗುವುದು ಭೂಮಿ ಹುಣ್ಣಿಮೆಯ ಬುಟ್ಟಿ. ದಸರೆ ಮುಗಿಯುತ್ತಿದ್ದಂತೆ ಬಿದಿರಿನ ಬುಟ್ಟಿ ಕೆಳಗಿಳಿಯುತ್ತದೆ. ದೊಡ್ಡದೊಂದು, ಸಣ್ಣದೊಂದು. ಮೈಗೆಲ್ಲ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿದ ಅಕ್ಕಿಯನ್ನು ಗಂಧದಷ್ಟು ನುಣ್ಣಗೆ ಅರೆದು ಬಿಳಿ ಬಣ್ಣ. ಕಪ್ಪು ಬೇಕಾದರೆ ಅದೇ ಅಕ್ಕಿಯನ್ನು ಕಪ್ಪಾಗುವಂತೆ ಹುರಿದು ಅರೆಯುವುದು. ಹಳದಿಗೆ ಗುರಿಗೆ ಬೀಜ. ಕುಂಚ ಪುಂಡಿಯ ನಾರಿನದು. ಅಂಗಡಿಗೆ ಹೋಗುವ ಕೆಲಸವೇ ಇಲ್ಲ. ಅಡುಗೆಮನೆ, ಹಿತ್ತಿಲು, ಗದ್ದೆಯ ಬದು ಇಷ್ಟರಲ್ಲೇ ಬಣ್ಣದ ಪೆಟ್ಟಿಗೆ ಮುಗಿಯಿತು.

ಆ ಮನೆಯ ಅಜ್ಜಿ ಬುಟ್ಟಿ ಬರೆಯುವುದನ್ನು ಒಂದು ಮಧ್ಯಾಹ್ನವಿಡೀ ಕೂತು ನೋಡಿದ್ದೇನೆ. ಬುಟ್ಟಿಯನ್ನು ಮಡಿಲಿಗೆ ಬೋರಲು ಹಾಕಿಕೊಂಡಿದ್ದಳು, ಮಗುವಿಗೆ ಎಣ್ಣೆ ಹಚ್ಚಲು ಮಲಗಿಸಿಕೊಂಡ ಹಾಗೆ. ನಾರನ್ನು ಅಕ್ಕಿಹಿಟ್ಟಿನ ನೀರಿಗೆ ಅದ್ದಿ, ಬಟ್ಟಲ ಅಂಚಿಗೆ ಒಮ್ಮೆ ಒರೆಸಿ, ಬುಟ್ಟಿಯ ಮೈಗೆ ಮಲಗಿಸಿ ಎಳೆದಳು. ನನಗೆ ಏನೂ ಕಾಣಲಿಲ್ಲ. ಕೆಮ್ಮಣ್ಣಿನ ಮೇಲೆ ಒದ್ದೆಯ ಒಂದು ಗೀಟು, ಅಷ್ಟೇ. ಅಕ್ಕಿಹಿಟ್ಟಿನ ಗುಣವೇ ಅದು. ಹಸಿ ಇರುವಾಗ ಬಣ್ಣವಿಲ್ಲ, ಒಣಗುತ್ತ ಬಂದ ಹಾಗೆ ಬೆಳ್ಳಗಾಗುತ್ತದೆ. ಅಂದರೆ ಅಜ್ಜಿ ಬರೆಯುತ್ತಿದ್ದುದು ತನಗೂ ಕಾಣದ ಗೆರೆ. ಮೊದಲ ಗೆರೆ ಬಿಳಿಯಾಗಿ ಮೇಲೇಳುವ ಹೊತ್ತಿಗೆ ಅವಳ ಕೈ ಏಳೆಂಟು ಗೆರೆ ಮುಂದೆ ಹೋಗಿರುತ್ತಿತ್ತು. ಹಿಂದಿರುಗಿ ನೋಡುತ್ತಿರಲಿಲ್ಲ. ಏಣಿ, ಭತ್ತದ ಸಸಿ, ಜೋಗಿ ಜಡೆ ಎಲ್ಲ ಅವಳ ಬೆನ್ನ ಹಿಂದೆ ಒಂದೊಂದಾಗಿ ಅರಳುತ್ತ ಬಂದವು. ಡೇರೆಯ ಮೊಗ್ಗು ಒಡೆಯುವುದನ್ನು ಕಾದು ಕೂತು ನೋಡಿ ಎಂದೂ ಗೆಲ್ಲದ ನನಗೆ, ಕಣ್ಣೆದುರಿಗೇ ಏನಾದರೂ ಅರಳಿದ್ದು ಅದೇ ಮೊದಲು.

‘ಎಲ್ಲಿ ಕಲ್ತಿದ್ದು?’ ಎಂದು ಕೇಳಿದೆ. ಬೆಪ್ಪು ಪ್ರಶ್ನೆ. ‘ಕಲಿಯಾದೆಂತದು, ಅವ್ವ ಬರೆಯಾದು ನೋಡ್ತಿದ್ದೆ’ ಎಂದಳು. ಆಮೇಲೆ ಒಂದು ಗೆರೆ ಎಳೆದು, ‘ಸಸಿ ನೆಡಕ್ಕೆ ಬರ್ತದಲ, ಅದೇ ಕೈ’ ಎಂದಳು. ಗದ್ದೆಯಲ್ಲಿ ಸಸಿ ನೆಡುವಾಗಲೂ ಹಾಗೆಯೇ ಅಲ್ಲವೇ, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಸಾಲು ತಪ್ಪದೆ.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪು ಕೊಯ್ಯುವ ಕೆಲಸ. ಗದ್ದೆಗೆ ಬೀರುವ ಸೊಪ್ಪಿನಡುಗೆ ಹಚ್ಚಂಬಲಿಗೆ ನೂರೊಂದು ಕುಡಿ ಬೇಕು ಎನ್ನುತ್ತಾರೆ. ಅದು ಮಾತಿನ ಲೆಕ್ಕ, ಎಣಿಸಿದವರನ್ನು ನಾನು ಕಂಡಿಲ್ಲ. ಆದರೂ ಬೇಲಿ, ಬೆಟ್ಟ, ಬದು ಸುತ್ತಿ ಕುಕ್ಕೆ ತುಂಬ ತರುವ ಹೆಂಗಸರಿಗೆ ಒಂದೊಂದು ಕುಡಿಯ ಹೆಸರೂ ಗೊತ್ತು. ರಾತ್ರಿಯಿಡೀ ಅಡುಗೆ. ಸೌತೆಕಾಯಿ ಕಡುಬು, ಕೊಟ್ಟೆ ಕಡುಬು, ಪಲ್ಯಗಳು, ಸೊಪ್ಪಿನ ಹಚ್ಚಂಬಲಿ. ಬಸುರಿಗೆ ಬಡಿಸುವಾಗ ಕಡಿಮೆ ಬೀಳಬಾರದು. ಬೆಳಕು ಹರಿಯುವ ಮೊದಲು ಗಂಡಸರು ಬುಟ್ಟಿ ಹೊತ್ತು, ದೊಂದಿ ಹಿಡಿದು, ಭೂಮಿತಾಯಿಯನ್ನು ಕೂಗಿ ಕರೆಯುತ್ತ ಗದ್ದೆಯಂಚಿನಲ್ಲಿ ಹಚ್ಚಂಬಲಿ ಬೀರುತ್ತ ಹೋಗುತ್ತಾರೆ. ನಮ್ಮ ಜಗಲಿಯಿಂದ ದೊಂದಿಯ ಬೆಳಕು ಮಂಜಿನಲ್ಲಿ ಕದಲುವುದು ಮಾತ್ರ ಕಾಣುತ್ತದೆ. ಕೂಗು ಕೇಳುತ್ತದೆ. ಬೆಳಿಗ್ಗೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ ಒಂದು ಪೈರಿಗೆ ಮನೆಯೊಡತಿಯ ತಾಳಿಸರ ತೊಡಿಸಿ, ಪೂಜೆ ಮಾಡಿ, ಎಡೆಯಿಟ್ಟು, ಅಲ್ಲೇ ಬದುವಿನ ಮೇಲೆ ಕೂತು ಉಣ್ಣುತ್ತಾರೆ. ಕಾಗೆಗೂ ಒಂದು ಎಡೆ, ಇಲಿಗೂ ಒಂದು ಎಡೆ. ಬೆಳೆ ತಿನ್ನುವ ಇಲಿಗೆ ಕರೆದು ಬಡಿಸುವ ಈ ಔದಾರ್ಯ ನನಗಂತೂ ಇಲ್ಲ. ನಮ್ಮ ಡೇರೆ ಗೆಡ್ಡೆ ಕಡಿದ ಹೆಗ್ಗಣಕ್ಕೆ ನಾನು ಇಟ್ಟದ್ದು ಬೋನು.

ಬೆಂಗಳೂರಿನಲ್ಲಿ ಒಂದು ಮೇಳದಲ್ಲಿ ಚೌಕಟ್ಟು ಹಾಕಿದ ಚಿತ್ತಾರ ಕೊಂಡೆ. ಅಕ್ರಿಲಿಕ್ ಬಣ್ಣ, ಹಿಂದೆ ಪ್ಲೈವುಡ್. ಗೆರೆಯಲ್ಲಿ ಕುಂದಿಲ್ಲ, ಬರೆದ ಕೈಗೆ ನಾಲ್ಕು ಕಾಸು ಸಿಕ್ಕಿದೆ, ಅದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ಗೋಡೆಗೆ ತೂಗುಹಾಕಿ ಒಂದು ವರ್ಷ ಕಳೆಯುವಷ್ಟರಲ್ಲಿ ನಾನು ಅದನ್ನು ನೋಡುವುದನ್ನೇ ಬಿಟ್ಟಿದ್ದೆ. ಇರುತ್ತದಲ್ಲ ಎಂಬ ಧೈರ್ಯ. ಅಜ್ಜಿಯ ಬುಟ್ಟಿಯನ್ನು ಹಾಗೆ ಬಿಡಲಾಗುವುದಿಲ್ಲ. ಮುಂದಿನ ದಸರೆಗೆ ಅದರ ಮೇಲೆ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು. ಈ ವರ್ಷದ ಜೋಗಿ ಜಡೆ ಹೋದ ವರ್ಷದ್ದರ ಮೇಲೆ ಕೂರುತ್ತದೆ. ಎಷ್ಟು ವರ್ಷದ ಚಿತ್ತಾರ ಆ ಬುಟ್ಟಿಯ ಮೈಯೊಳಗೆ ಪದರ ಪದರವಾಗಿ ಮಲಗಿದೆಯೋ. ಅದೂ ಒಂದು ಬೆಳೆಯೇ. ಬಿತ್ತುವ ಕಾಲಕ್ಕೆ ಬಿತ್ತಿ, ಕೊಯ್ಯುವ ಕಾಲಕ್ಕೆ ಕೊಯ್ದು, ನೆಲವನ್ನು ಮುಂದಿನ ವರ್ಷಕ್ಕೆ ಖಾಲಿ ಬಿಡುವುದು.

ಚಳಿಗಾಲದಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಹವ್ಯಾಸಕ್ಕೆ ಪುರುಸೊತ್ತಿಲ್ಲದ ಕಾಲ. ಬೇಯಿಸಿದ ನೀರು, ಅಡಿಕೆ ಚೊಗರು, ಕೈಗೆ ಹತ್ತಿದರೆ ವಾರ ಹೋಗುವುದಿಲ್ಲ. ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ‘ಚರಕ’ ಸಂಘದ ಹೆಂಗಸರು ಆ ಚೊಗರಿನಲ್ಲೇ ಕೈಮಗ್ಗದ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ನನ್ನ ಬಳಿ ಅಂಥ ಸೀರೆಯೊಂದಿದೆ, ಇಟ್ಟಿಗೆ ಕೆಂಪು. ಅದನ್ನುಟ್ಟ ದಿನ ಅಡಿಕೆ ಸುಲಿಯುವವರು ನೋಡಿ ನಗುತ್ತಾರೆ, ಅವರ ಕೈಯ ಬಣ್ಣವೇ ನನ್ನ ಸೆರಗಿನಲ್ಲಿದೆ ಎಂದು.

ಆಲೆಮನೆ ಏಳುವುದೂ ಆಗಲೇ. ಆಲೆಮನೆ ಎಂದರೆ ನನಗೆ ತೊಡೆದೇವು. ತೊಡೆಯುವುದು, ಅಂದರೆ ಬಳಿಯುವುದು. ಹೆಸರಿನಲ್ಲೇ ಕೆಲಸವಿದೆ. ಮಡಕೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕೆಳಗೆ ಹದವಾದ ಬೆಂಕಿ ಇಟ್ಟು, ಕಬ್ಬಿನಹಾಲಿನಲ್ಲಿ ಕಲಸಿದ ತೆಳು ಅಕ್ಕಿಹಿಟ್ಟನ್ನು ಕೋಲಿಗೆ ಸುತ್ತಿದ ಬಟ್ಟೆಯಿಂದ ಮಡಕೆಯ ಬೆನ್ನಿಗೆ ಒಂದೇ ಬೀಸಿಗೆ ಬಳಿಯಬೇಕು. ಬಳಿದ ಹಿಟ್ಟು ಅಲ್ಲೇ ಕಾಗದವಾಗುತ್ತದೆ. ಅಂಚು ಬಿಡಿಸಿಕೊಂಡ ಕೂಡಲೇ ಬೆರಳತುದಿಯಿಂದ ಎಬ್ಬಿಸಿ ಮಡಿಸಬೇಕು. ಒಂದು ಉಸಿರು ತಡವಾದರೆ ಕೈಯಲ್ಲೇ ಪುಡಿ. ಬುಟ್ಟಿ ಬರೆಯುವುದೂ ಅಕ್ಕಿಹಿಟ್ಟಿನಿಂದ, ತೊಡೆದೇವು ಬಳಿಯುವುದೂ ಅಕ್ಕಿಹಿಟ್ಟಿನಿಂದ. ಒಂದು ಕಣ್ಣಿಗೆ, ಒಂದು ಬಾಯಿಗೆ. ಬಿಸಿ ತುಪ್ಪ ಸುರಿದು ಬಾಯಿಗಿಟ್ಟರೆ ಅಗಿಯುವ ಮೊದಲೇ ಇಲ್ಲವಾಗುತ್ತದೆ, ಹಿಂದೆ ಕಬ್ಬಿನ ಸಿಹಿ ಮತ್ತು ಸೌದೆಯ ಹೊಗೆ ಉಳಿಯುತ್ತದೆ. ಪೇಟೆಯ ಅಂಗಡಿಗಳಲ್ಲಿ ಈಗ ಪೊಟ್ಟಣದಲ್ಲಿ ಸಿಗುತ್ತದೆ. ಕೆಟ್ಟದ್ದೇನಲ್ಲ. ಆದರೆ ಹೊಗೆ ಇಲ್ಲ.

ಇಷ್ಟೆಲ್ಲ ಒಂದೇ ಕಾಲಕ್ಕೆಂದು ಮಾಡುವವರು ಇಟ್ಟುಕೊಳ್ಳುವುದೇನನ್ನೂ ಮಾಡುವುದಿಲ್ಲವೇ ಎಂದರೆ, ಇದೆಯಲ್ಲ, ಮಿಡಿ ಉಪ್ಪಿನಕಾಯಿ. ಮಾಘ, ಫಾಲ್ಗುಣದಲ್ಲಿ ಹೊಳೆದಂಡೆಯ ಕಾಡುಮಾವಿನ ಮರಗಳು ಮಿಡಿ ಬಿಡುತ್ತವೆ. ಅಪ್ಪೆ ಮಿಡಿ ಎಂದರೆ ಒಂದು ಜಾತಿಯ ಮಾವಲ್ಲ. ಒಂದೊಂದು ಮರಕ್ಕೂ ಒಂದೊಂದು ವಾಸನೆ. ಜೀರಿಗೆಯ ವಾಸನೆಯದು ಜೀರಿಗೆ ಮಿಡಿ, ಕರ್ಪೂರದ ವಾಸನೆಯದು ಬೇರೆ. ಶಿರಸಿ ಕಡೆಯ ಅನಂತಭಟ್ಟನ ಅಪ್ಪೆಯ ಹಾಗೆ ಮನುಷ್ಯರ ಹೆಸರು ಹೊತ್ತವೂ ಇವೆ. ಭೌಗೋಳಿಕ ಗುರುತಿನ ಪಟ್ಟಿಯಲ್ಲೂ ಅಪ್ಪೆ ಮಿಡಿಗೆ ಜಾಗ ಸಿಕ್ಕಿದೆ. ಶರಾವತಿಯ ದಂಡೆಯಲ್ಲಿ ಇಂಥ ಮರಗಳು ಎಷ್ಟಿದ್ದವೋ, 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ನೀರು ನಿಂತಾಗ ಅವುಗಳ ಹೆಸರೂ ಮುಳುಗಿತು. ಉಳಿದವುಗಳಿಗೆ ಈಗಿನ ಅವಸರದ ಕೊಯ್ಲೇ ಶತ್ರು. ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಡಹುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನೂರು ವರ್ಷದ ಮರ, ಒಂದು ಚೀಲ ಮಿಡಿ. ಕಸಿ ಕಟ್ಟುವವರು ನಮ್ಮ ಭಾಗದಲ್ಲಿ ಇದ್ದಾರೆಂಬುದೊಂದೇ ಸಮಾಧಾನ.

ಮಿಡಿಯನ್ನು ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ, ಪರಿಮಳ ಇರುವುದೆಲ್ಲ ಸೊನೆಯಲ್ಲಿ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ದಿನ ಕಳೆದ ಹಾಗೆ ಮಿಡಿ ತನ್ನ ನೀರು ಬಿಟ್ಟು, ಆ ನೀರಿನಲ್ಲೇ ತಾನು ಸುಕ್ಕುಗಟ್ಟುತ್ತದೆ. ಅಟ್ಟದ ಡೇರೆ ಗೆಡ್ಡೆಗೂ ಅದಕ್ಕೂ ಆಗ ಮುಖದಲ್ಲಿ ವ್ಯತ್ಯಾಸವಿರುವುದಿಲ್ಲ. ಸಾಸಿವೆ, ಒಣಮೆಣಸು, ಅರಿಸಿನ ಅರೆದು ಬೆರೆಸಿ ಬಾಯಿ ಕಟ್ಟಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ನಮ್ಮ ಉಗ್ರಾಣದಲ್ಲಿ ಅತ್ತೆ ಹಾಕಿದ ಒಂದು ಭರಣಿ ಇನ್ನೂ ಇದೆ. ತಳದಲ್ಲಿ ಒಂದು ಹಿಡಿ ಮಿಡಿ ಉಳಿದಿರಬೇಕು. ವರ್ಷಕ್ಕೊಮ್ಮೆ, ಅವರ ತಿಥಿಯ ದಿನ, ಬಾಯಿ ಬಿಚ್ಚಿ ಒಂದನ್ನು ತೆಗೆದು ಮೊಸರನ್ನದ ಪಕ್ಕ ಎಲ್ಲರಿಗೂ ಚೂರು ಚೂರು ಬಡಿಸುತ್ತೇನೆ. ಹಲ್ಲಿಗೆ ಸಿಕ್ಕರೆ ಇನ್ನೂ ಕರುಂ ಎನ್ನುತ್ತದೆ.

ಈ ಸಲ ಪುಷ್ಯ ಮಾಸದಲ್ಲಿ ಡೇರೆ ಗಿಡ ಒಣಗಿದ ಮೇಲೆ ಗೆಡ್ಡೆ ಅಗೆದಾಗ ಬ್ಯಾಂಕಿನವರ ಹಳದಿಯ ಬುಡದಲ್ಲಿ ಹದಿನಾಲ್ಕು ಗೆಡ್ಡೆ ಸಿಕ್ಕಿದವು. ಆರು ನಮಗೆ. ಒಂದು ಆಚೆ ಮನೆಯ ಅಜ್ಜಿಗೆ ಎಂದು ಆಗಲೇ ಮಾತಾಗಿದೆ. ಉಳಿದ ಏಳು ಅಟ್ಟದ ಬುಟ್ಟಿಯಲ್ಲಿವೆ, ಮಿರ್ಗ ಹಿಡಿಯುವುದರೊಳಗೆ ಯಾರು ಬಂದು ಕೇಳಿದರೂ ಕೊಡುತ್ತೇನೆ. ದುಡ್ಡು ಬೇಡ, ಕಾಫಿ ಕುಡಿದು ಹೋಗಿ. ಆರಿಸಿಕೊಳ್ಳುವಾಗ ದಪ್ಪ ನೋಡಬೇಡಿ, ಕುತ್ತಿಗೆಯ ಹತ್ತಿರ ಕಣ್ಣಿದೆಯೇ ನೋಡಿ. ಕಣ್ಣಿಲ್ಲದ ಗೆಡ್ಡೆ ಎಷ್ಟು ದೊಡ್ಡದಿದ್ದರೂ ಚಿಗುರುವುದಿಲ್ಲ.